ನೆಂಟರು ಬಂದಿದ್ದಾರೆ

ಜೂನ್ 3

ಕಡ್ಡಿಯಮ್ಮನಿಗೆ,

ನಿನ್ನ ಮಗಳು ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರ ಬೆರಳು ಕಚ್ಚಿದಳು. ಮೊದಲು ಇದನ್ನು ಹೇಳಿ ಮುಗಿಸುತ್ತೇನೆ. ಆಮೇಲೆ ಇನ್ಯಾರ ಬಾಯಿಂದಲೋ ಕೇಳಿ ನನ್ನ ಮೇಲೆ ಹಾರಾಡಬೇಡ. ತಪ್ಪು ಆ ಮನುಷ್ಯನದೇ. "ಆ ಅನ್ನು ಪುಟ್ಟಿ, ಏನೂ ಮಾಡಲ್ಲ" ಅಂತ ಹೇಳಿ ಗಂಟಲ ತನಕ ಚಮಚ ತೂರಿಸಿದರೆ ಯಾರು ಸುಮ್ಮನಿರುತ್ತಾರೆ? ಪುಣ್ಯಕ್ಕೆ ಅವರು ಬೆರಳು ಒರೆಸಿಕೊಂಡು ನಕ್ಕುಬಿಟ್ಟರು. ಅಷ್ಟಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ವಿಷಯ ಇದು. ಟಾನ್ಸಿಲ್ ಎರಡೂ ಬೆಳೆದು ಒಂದಕ್ಕೊಂದು ತಾಗಿಕೊಂಡಿವೆಯಂತೆ. ಟಾರ್ಚು ಹಿಡಿದು ನನಗೂ ತೋರಿಸಿದರು. ನಮ್ಮ ಡಿಪೋದಲ್ಲಿ ಹಳೆಯ ಬಸ್ಸಿನ ಸೀಟಿನೊಳಗೆ ಸ್ಪಂಜು ನೆಂದು ಊದಿಕೊಂಡು ಹೊಲಿಗೆಯನ್ನೇ ತಳ್ಳುತ್ತಿರುತ್ತದೆ, ಹಾಗಿತ್ತು. ನಡುವೆ ಉಸಿರಾಡುವುದಕ್ಕೆ ಸಣ್ಣದೊಂದು ಸಂದಿ. ಮಗು ಉಣ್ಣುವುದಿಲ್ಲ, ಉಣ್ಣುವುದಿಲ್ಲ ಅಂತ ನಾನು ಬೈದದ್ದೇ ಬೈದದ್ದು. ಆ ಸಂದಿಯಲ್ಲಿ ತುತ್ತು ಇಳಿಯಬೇಕಲ್ಲ! ಮಾತಾಡಿದರೂ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡ ಹಾಗೆ ಕೇಳುತ್ತದೆ. ಏಳು ವರ್ಷದ ಮಗು ಐದು ವರ್ಷದ ಅಂಗಿಯಲ್ಲಿ ಓಡಾಡುತ್ತಿದೆ. ನಾವು ಕಡ್ಡಿ ಅಂತ ಹೆಸರಿಟ್ಟು ನಗುತ್ತಾ ಕೂತಿದ್ದೇವೆ.

"ತೆಗೆದುಬಿಡೋಣ" ಅಂದರು ಡಾಕ್ಟರು. ಆದರೆ ಅದಕ್ಕೊಂದು ಷರತ್ತು. ಆಪರೇಶನ್‌ಗೆ ಮುಂಚೆ ಒಂದು ತಿಂಗಳು ಗಂಟಲು ತಣ್ಣಗಿರಬೇಕು. ನಡುವೆ ಜ್ವರ ಬಂತೋ, ಮತ್ತೆ ಮೊದಲಿನಿಂದ ಎಣಿಸಬೇಕು. ಈ ಮಗುವಿಗೆ ತಿಂಗಳು ತಿಂಗಳು ಜ್ವರ ಬರುತ್ತದೆ ಅಂತಲೇ ತಾನೇ ಕರೆದುಕೊಂಡು ಹೋದದ್ದು? ಇದು ಯಾವ ಸೀಮೆ ನ್ಯಾಯ ಅಂತ ಕೇಳಿದೆ. "ನನ್ನ ನ್ಯಾಯ ಅಲ್ಲಮ್ಮ, ಗಂಟಲಿಂದು" ಅಂದರು.

ಇನ್ನೊಂದು ಕೇಳು. "ಜ್ವರ ಯಾವಾಗ ಬಂದಿತ್ತು?" ಅಂತ ಅವರು ಕೇಳಿದರೆ ಕಡ್ಡಿ ಠೀವಿಯಿಂದ, "ಜ್ವರ ಬಂದಿಲ್ಲ. ನೆಂಟ್ರು ಬಂದಿದ್ರು, ನಾಲ್ಕು ದಿನ ಇದ್ದು ಹೋದ್ರು" ಅಂದಳು. ಡಾಕ್ಟರು ನನ್ನ ಮುಖ ನೋಡಿದರು. ಜ್ವರ ಅಂದರೆ ಅವಳು ಹೆದರುತ್ತಿದ್ದಳು, ಅದಕ್ಕೇ ನನ್ನ ತಮ್ಮ ಆ ಮಾತು ಕಟ್ಟಿದ, ಅವನು ಹೋಗಿ ಎರಡು ವರ್ಷವಾದರೂ ನಮ್ಮಲ್ಲಿ ಜ್ವರಕ್ಕೆ ನೆಂಟರು ಅಂತಲೇ ಹೆಸರು ಅಂತೆಲ್ಲ ವಿವರಿಸಿ ಹೇಳಿದೆ.

ನೀನು ಆ ದ್ವೀಪದಲ್ಲಿ ಗಾಳಿ ಮಳೆ ಅಳೆಯುತ್ತಾ ಇರು. ಇಲ್ಲಿಯದು ನನಗೆ ಬಿಡು. ಈ ಆಪರೇಶನ್ ನಾನು ಮಾಡಿಸಿಯೇ ತೀರುತ್ತೇನೆ.

ಇಂತಿ,
ಕಡ್ಡಿಯ ಅತ್ತೆ


ಜೂನ್ 11

ಪೂಜ್ಯ ಅತ್ತಿಗೆಯವರಿಗೆ,

ನಿಮ್ಮ ಪತ್ರ ಇಂದಿನ ದೋಣಿಯಲ್ಲಿ ತಲುಪಿತು. ಬೆರಳು ಕಚ್ಚಿದ್ದಕ್ಕೆ ಡಾಕ್ಟರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ.

ಸ್ವಲ್ಪ ಕಾದು ನೋಡಬಹುದಲ್ಲವೇ? ಮಕ್ಕಳು ಬೆಳೆದಂತೆ ಟಾನ್ಸಿಲ್ ತಾನಾಗಿಯೇ ಕುಗ್ಗುತ್ತದೆ ಎಂದು ಇಲ್ಲಿಯ ದೀಪಸ್ತಂಭದವರ ಹೆಂಡತಿ ಹೇಳಿದರು. ಅವರ ಅಣ್ಣನ ಮಗನಿಗೆ ಹಾಗೇ ಆಯಿತಂತೆ.

ನೀವು ಬೈಯುತ್ತೀರಿ ಎಂದು ಗೊತ್ತು. ಕತ್ತರಿಸುವುದಕ್ಕೆ ನಾನು ಅಷ್ಟು ಹೆದರುತ್ತಿಲ್ಲ. ಪ್ರಜ್ಞೆ ತಪ್ಪಿಸುತ್ತಾರಲ್ಲ, ಅದಕ್ಕೆ ಹೆದರುತ್ತೇನೆ. ಕಡ್ಡಿಯ ಅಪ್ಪ ಕೂಡ ಆ ದಿನ ತಮಾಷೆ ಮಾಡುತ್ತಲೇ ಒಳಗೆ ಹೋದರು. ಚಪ್ಪಲಿ ಬಿಚ್ಚಿ ನನ್ನ ಕೈಯಲ್ಲಿ ಕೊಟ್ಟರು. ಆ ಬಾಗಿಲು ಮತ್ತೆ ತೆರೆದಾಗ ಹೊರಗೆ ಬಂದವರು ಡಾಕ್ಟರು ಮಾತ್ರ. ಅಂಥ ಇನ್ನೊಂದು ಬಾಗಿಲಿನ ಮುಂದೆ ನನ್ನನ್ನು ನಿಲ್ಲಿಸಬೇಡಿ.

ನೀವು ಮಗುವನ್ನು ನೋಡಿಕೊಳ್ಳುತ್ತಿರುವುದಕ್ಕೆ ನಾನು ಏನು ಹೇಳಿದರೂ ಕಡಿಮೆ. ಆದರೂ ಇದೊಂದು ವಿಷಯದಲ್ಲಿ ಅವಸರ ಬೇಡ.

ಇಂತಿ ನಿಮ್ಮ,
ಕಡ್ಡಿಯ ಅಮ್ಮ


ಜೂನ್ 17

ಕಡ್ಡಿಯಮ್ಮನಿಗೆ,

ದೀಪಸ್ತಂಭದವರ ಹೆಂಡತಿಯ ಅಣ್ಣನ ಮಗ ಚೆನ್ನಾಗಿರಲಿ, ನೂರು ಕಾಲ ಬಾಳಲಿ. ಅವನ ಗಂಟಲು ಅವನಿಗೆ, ನಮ್ಮ ಮಗುವಿನ ಗಂಟಲು ನಮಗೆ.

ನೀನು ಇವಳು ಮಲಗಿದ್ದನ್ನು ನೋಡಿ ಎಷ್ಟು ದಿನವಾಯಿತು? ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಇದ್ದಕ್ಕಿದ್ದ ಹಾಗೆ ನಿಲ್ಲಿಸುತ್ತಾಳೆ. ಎದೆ ಏಳುತ್ತದೆ, ಉಸಿರು ಮಾತ್ರ ಬರುವುದಿಲ್ಲ. ನಾನು ಎದ್ದು ಕೂತು ಭುಜ ಅಲುಗಾಡಿಸಿದರೆ ಒಮ್ಮೆಲೇ ಗಬಕ್ಕನೆ ಗಾಳಿ ನುಂಗುತ್ತಾಳೆ. ಬೆಳಿಗ್ಗೆ ಶಾಲೆಯಲ್ಲಿ ಬೆಂಚಿನ ಮೇಲೆ ತೂಕಡಿಸುತ್ತಾಳೆ. ಟೀಚರು "ಮಗು ಮಂದ" ಅಂತ ಹೇಳಿ ಕಳಿಸಿದರು. ಮಂದ ಅಂತೆ! ನಾನು ಹೋಗಿ ಅವರ ಜೊತೆ ಏನು ಮಾತಾಡಿದೆ ಅಂತ ಬರೆಯುವುದಿಲ್ಲ. ಈಗ ಅವಳನ್ನು ಮುಂದಿನ ಬೆಂಚಿಗೆ ಹಾಕಿದ್ದಾರೆ.

ನಿನ್ನ ಹೆದರಿಕೆ ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಅವನು ನಿನಗೆ ಗಂಡನಾಗುವ ಎಷ್ಟೋ ಮುಂಚೆ ನನ್ನ ಸೊಂಟದ ಮೇಲೆ ಕೂತು ಬೆಳೆದವನು. ಆ ಬಾಗಿಲಿನ ಮುಂದೆ ನಾನೂ ನಿಂತಿದ್ದೆ, ನಿನ್ನ ಪಕ್ಕದಲ್ಲೇ. ಒಂದು ಮಾತು ಹೇಳುತ್ತೇನೆ, ಬಿರುಸಾಯಿತು ಅನ್ನಿಸಿದರೂ ಓದು. ಅವನು ಆಪರೇಶನ್‌ನಿಂದ ಹೋಗಲಿಲ್ಲ. ಹೊಟ್ಟೆನೋವು, ತಾನಾಗಿಯೇ ಸರಿಹೋಗುತ್ತದೆ, ಮುಂದಿನ ದೋಣಿಗೆ ನೋಡೋಣ ಅಂತ ಕಾದದ್ದರಿಂದ ಹೋದ. ನಾನು ಇನ್ನೊಂದು ಸಲ ಕಾಯುವುದಿಲ್ಲ.

ಇಲ್ಲಿ ಪಹರೆ ಶುರುವಾಗಿದೆ. ತಣ್ಣೀರು ಬಂದ್. ಧೂಳಿನಲ್ಲಿ ಆಟ ಬಂದ್. ಮೂಲೆಯ ಐಸ್‌ಕ್ರೀಮ್ ಗಾಡಿಯವನಿಗೆ, ಈ ಮಗುವಿಗೆ ಒಂದು ಕಡ್ಡಿ ಮಾರಿದರೂ ಗಾಡಿಯ ಚಕ್ರ ಬಿಚ್ಚಿಕೊಂಡು ಹೋಗುತ್ತೇನೆ ಅಂತ ಹೇಳಿ ಬಂದಿದ್ದೇನೆ. ಅವನು "ಕಡ್ಡಿಗೆ ಕಡ್ಡಿ ಮಾರಲ್ಲ ಬಿಡಮ್ಮ" ಅಂದ. ಶಾಲೆ ಬಿಟ್ಟ ಮೇಲೆ ಅವಳು ಡಿಪೋಗೆ ಬಂದು ನನ್ನ ಸೀಟು ಹೊಲಿಯುವ ಮೆಶಿನ್ನಿನ ಪಕ್ಕ ರೆಕ್ಸಿನ್ ತುಂಡುಗಳ ಮೇಲೆ ಕೂತು ಬಿಸಿ ಹಾಲು ಕುಡಿಯುತ್ತಾಳೆ. ಕೆಮ್ಮುವ ಡ್ರೈವರನ್ನು ನಾನು ಒಳಗೇ ಬಿಡುವುದಿಲ್ಲ. ಮ್ಯಾನೇಜರಿಗೆ ನೆಗಡಿಯಾಗಿತ್ತು, ಕಿಟಕಿಯಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದೆ.

ನೀನು ರಜೆಗೆ ಬರೆದು ಹಾಕು. ಸಹಿ ತಾಯಿಯೇ ಹಾಕಬೇಕಂತೆ. ನಾನು ಎಷ್ಟು ಕೂಗಾಡಿದರೂ ಅತ್ತೆಯ ಸಹಿ ನಡೆಯುವುದಿಲ್ಲವಂತೆ.

ಇಂತಿ,
ಅತ್ತೆ


ಜುಲೈ 15

ಕಡ್ಡಿಯಮ್ಮನಿಗೆ,

ನೆಂಟರು ಬಂದರು. ಡಾಕ್ಟರು ಮತ್ತೆ ನೋಡಿ ಆಪರೇಶನ್‌ಗೆ ದಿನ ಹೇಳುವುದಕ್ಕೆ ಇನ್ನು ಐದೇ ದಿನ ಉಳಿದಿತ್ತು.

ನಿನ್ನೆ ಮಧ್ಯಾಹ್ನ ಟೀಚರೇ ಕರೆತಂದರು. ಮೈ ಕೆಂಡ. ಗಂಟಲಲ್ಲಿ ಬಿಳಿ ಬಿಳಿ ಚುಕ್ಕೆ. ಉಗುಳು ನುಂಗಲಾಗದೆ ಬಟ್ಟಲಿಗೆ ಉಗಿಯುತ್ತಾಳೆ. "ಅತ್ತೆ, ನಾನು ಕರೀಲಿಲ್ಲ, ಅವ್ರೇ ಬಂದ್ರು" ಅಂತ ನನಗೇ ಸಮಾಧಾನ ಹೇಳುತ್ತಾಳೆ, ಕೇಳು.

ಡಾಕ್ಟರು ಔಷಧಿ ಕೊಟ್ಟು ಪಟ್ಟಿಯಿಂದ ಹೆಸರು ಹೊಡೆದು ಹಾಕಿದರು. ಮತ್ತೆ ಮೊದಲಿನಿಂದ. ನಾನು ಮನೆಗೆ ಬಂದು ಒಂದು ಪಾತ್ರೆ ಎತ್ತಿ ಕುಕ್ಕಿದೆ, ತಳ ಸೊಟ್ಟಗಾಯಿತು. ಈಗ ಸರಿಯಾಗಿದ್ದೇನೆ. ಬಿಡುವುದಿಲ್ಲ.

ಅತ್ತೆ


ಜುಲೈ 23

ಪೂಜ್ಯ ಅತ್ತಿಗೆಯವರಿಗೆ,

ಜ್ವರ ಇಳಿದಿದೆಯೇ? ವಾರವಿಡೀ ಅದೇ ಯೋಚನೆ. ಮಳೆಮಾಪಕದ ಅಳತೆಯನ್ನು ಎರಡು ಸಲ ತಪ್ಪಾಗಿ ಓದಿದೆ. ಇಲ್ಲಿ ನನಗೆ ಧೈರ್ಯ ಹೇಳುವವರು ಯಾರೂ ಇಲ್ಲ. ಇರುವುದು ನಾನು ಮತ್ತು ಸಹಾಯಕ, ನಮ್ಮಿಬ್ಬರಲ್ಲಿ ಒಬ್ಬರು ಯಾವಾಗಲೂ ಕೇಂದ್ರದಲ್ಲಿ ಇರಲೇಬೇಕು.

ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಕಾದದ್ದರಿಂದ ಹೋದ ಎಂದಿರಿ. ಎರಡು ದಿನ ನಿಮ್ಮ ಮೇಲೆ ಸಿಟ್ಟಾಗಿದ್ದೆ. ಮೂರನೆಯ ದಿನ ಸಿಟ್ಟು ಮಾಡಿಕೊಳ್ಳಲು ಕಾರಣ ಸಿಗಲಿಲ್ಲ. ದಿನ ಗೊತ್ತಾದ ಕೂಡಲೇ ತಿಳಿಸಿ, ಬರುತ್ತೇನೆ. ಸಹಿ ಹಾಕುತ್ತೇನೆ. ರಜೆಗೆ ಬರೆದಿದ್ದೇನೆ.

ಇನ್ನೊಂದು ವಿಷಯ ಕೇಳಬೇಕಿತ್ತು. ನಮ್ಮ ಅಧಿಕಾರಿಗಳು ಬಂದಿದ್ದರು. ಮಗುವಿಗೆ ಆರೋಗ್ಯ ಸರಿಯಿದೆ ಎಂದು ಡಾಕ್ಟರು ಬರೆದುಕೊಟ್ಟರೆ ಇಲ್ಲಿಗೆ ಕರೆತರಲು ಅಡ್ಡಿಯಿಲ್ಲ ಎಂದರು. ಡಾಕ್ಟರಿಲ್ಲದ ಜಾಗ ಎಂದೇ ಇಷ್ಟು ದಿನ ಬೇಡವೆಂದದ್ದು. ಇಲ್ಲಿ ಒಂದು ಸಣ್ಣ ಶಾಲೆಯೂ ಇದೆ. ಆಪರೇಶನ್ ಆಗಿ ಗಂಟಲು ಸರಿಹೋದರೆ ಅವಳು ನನ್ನ ಜೊತೆ ಇರಬಹುದು. ನಿಮಗೆ ಏನನ್ನಿಸುತ್ತದೆ, ಬರೆಯಿರಿ.

ಇಂತಿ ನಿಮ್ಮ,
ಕಡ್ಡಿಯ ಅಮ್ಮ


ಸೆಪ್ಟೆಂಬರ್ 2

ಕಡ್ಡಿಯಮ್ಮನಿಗೆ,

ಕೂತು ಓದು, ನಿಂತು ಓದಬೇಡ. ದಿನ ಗೊತ್ತಾಯಿತು! ಇದೇ ತಿಂಗಳು 20, ಮಂಗಳವಾರ. ಹಿಂದಿನ ಸಂಜೆ ಆಸ್ಪತ್ರೆಗೆ ಸೇರಿಸಬೇಕು. ನೀನು 18ರ ಭಾನುವಾರದ ದೋಣಿ ಹತ್ತಿದರೆ ಸಾಕು, ದೋಣಿ ನಿಲ್ಲುವ ದಕ್ಕೆಗೆ ನಾನೇ ಬರುತ್ತೇನೆ.

ಆಗಸ್ಟ್ ಪೂರ್ತಿ ನೆಂಟರ ಸುಳಿವಿಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಕಡ್ಡಿಗೆ ಬಾಯಿ ತೆರೆಯುವುದು ಎಷ್ಟು ಅಭ್ಯಾಸವಾಗಿದೆ ಅಂದರೆ, ಬೆಳಿಗ್ಗೆ ನಾನು ಟಾರ್ಚು ಹುಡುಕುವಷ್ಟರಲ್ಲಿ ಆ ಅಂದುಕೊಂಡು ಎದುರಿಗೆ ನಿಂತಿರುತ್ತಾಳೆ. ಡಿಪೋದಲ್ಲಿ ಕಂಡಕ್ಟರಮ್ಮ ಒಬ್ಬಳು ಅವಳಿಗೆ ಉಣ್ಣೆಯ ಕುತ್ತಿಗೆಪಟ್ಟಿ ಹೆಣೆದು ಕೊಟ್ಟಿದ್ದಾಳೆ. ಸೆಕೆಯಲ್ಲಿ ಅದನ್ನು ಕಟ್ಟಿಕೊಂಡು ದೊಡ್ಡ ಸಾಹೇಬರ ಹಾಗೆ ತಿರುಗುತ್ತಾಳೆ.

"ಅಮ್ಮ ಬಂದಾಗ ನಾನು ಅಳಬಹುದಾ?" ಅಂತ ಕೇಳಿದಳು. ಅಳು, ಆದರೆ ಗಂಟಲು ಹರಿದುಕೊಳ್ಳಬೇಡ ಅಂದೆ.

ಬೇರೇನೂ ವಿಶೇಷವಿಲ್ಲ. ತಪ್ಪದೆ ಬಾ.

ಇಂತಿ,
ಅತ್ತೆ


ಸೆಪ್ಟೆಂಬರ್ 10

ಕಡ್ಡಿಯಮ್ಮ,

ಅವಸರದಲ್ಲಿ ನಾಲ್ಕು ಸಾಲು. ದೋಣಿಯವನು ಹಗ್ಗ ಬಿಚ್ಚುತ್ತಿದ್ದಾನೆ. ಬುಧವಾರದಿಂದ ನೆಂಟರು ಬಂದಿದ್ದಾರೆ. ಹೇಳದೆ ಕೇಳದೆ ಬಂದರು, ಹೋಗುವ ಲಕ್ಷಣವೇ ಕಾಣುತ್ತಿಲ್ಲ. ನನಗೆ ಸರಿಯಾಗಿ ನಿದ್ದೆಯಿಲ್ಲ, ಡಿಪೋಗೂ ಎರಡು ದಿನ ಹೋಗಿಲ್ಲ. ಇದೇ ಹೊತ್ತಿಗೆ ಬರಬೇಕಿತ್ತಾ ಹೇಳು! ನೀನೇನೂ ಗಾಬರಿಯಾಗಬೇಡ. ಹೇಗೋ ಸಂಭಾಳಿಸುತ್ತೇನೆ. ಉಳಿದದ್ದು ಆಮೇಲೆ.

ಅತ್ತೆ


ಸೆಪ್ಟೆಂಬರ್ 17

ಪೂಜ್ಯ ಅತ್ತಿಗೆಯವರಿಗೆ,

ಈ ಸಲವೂ ಹೀಗಾಯಿತಲ್ಲ. ನಿಮ್ಮ ಚೀಟಿ ಓದಿ ಮಗುವಿಗಿಂತ ಹೆಚ್ಚಾಗಿ ನಿಮ್ಮನ್ನು ನೆನೆದು ಸಂಕಟವಾಯಿತು. ಇಂದಿನ ದೋಣಿಯಲ್ಲಿ ನಿಮ್ಮ ಪತ್ರವೇನೂ ಬರಲಿಲ್ಲ. ಜ್ವರ ಇನ್ನೂ ಇಳಿದಿಲ್ಲವೆಂದು ತಿಳಿದುಕೊಂಡೆ.

ನನ್ನ ರಜೆಯನ್ನು ಸಹಾಯಕನಿಗೆ ಬಿಟ್ಟುಕೊಟ್ಟೆ. ಅವನ ಹೆಂಡತಿಗೆ ಹೆರಿಗೆಯ ದಿನ ಹತ್ತಿರ ಬಂದಿದೆ, ನಾಳೆಯ ದೋಣಿಗೆ ಹೊರಡುತ್ತಾನೆ. ಅವನ ಕೈಯಲ್ಲೇ ಈ ಪತ್ರ. ಅವನು ಅಕ್ಟೋಬರ್ ಒಂದಕ್ಕೆ ಮರಳಿದ ಮೇಲೆ ನನ್ನ ಸರದಿ. ಅಷ್ಟರಲ್ಲಿ ಹೊಸ ದಿನ ಸಿಗುತ್ತದೆಯೇ ಕೇಳಿ ನೋಡಿ.

ನಿಮಗೆ ಸುಳ್ಳು ಹೇಳಲಾರೆ. ಚೀಟಿಯಲ್ಲಿ ನೆಂಟರು ಎಂಬ ಪದ ಕಂಡಾಗ ನನಗೆ ಮೊದಲು ಆದದ್ದು ನೆಮ್ಮದಿ. ಸದ್ಯಕ್ಕೆ ಆ ಬಾಗಿಲಿಲ್ಲ ಎಂದು. ಎಂಥ ತಾಯಿ ನಾನು ಎಂದು ನೀವು ಕೇಳುವ ಮೊದಲು ನಾನೇ ಕೇಳಿಕೊಂಡಿದ್ದೇನೆ.

ಜುಲೈನಲ್ಲಿ ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆದಿಲ್ಲ. ಮರೆತಿರಬಹುದು.

ಇಂತಿ ನಿಮ್ಮ,
ಕಡ್ಡಿಯ ಅಮ್ಮ


ಸೆಪ್ಟೆಂಬರ್ 19, ಆಸ್ಪತ್ರೆಯ ಬೆಂಚು

ಅಯ್ಯೋ ನಿನ್ನ! ನೆಂಟರು ಅಂದರೆ ನೆಂಟರೇ ಕಣೇ!

ನಮ್ಮ ಚಿಕ್ಕಪ್ಪನ ಮಗಳು, ಅವಳ ಗಂಡ, ಅವನ ತಾಯಿ, ಮೂರು ಪೆಟ್ಟಿಗೆ. ವರ್ಗವಾಗಿ ಬಂದವರು, ಮನೆ ಸಿಗುವವರೆಗೆ ಇಲ್ಲೇ ಅಂತ ಠಿಕಾಣಿ ಹೂಡಿದ್ದಾರೆ. ಆ ಮುದುಕಿಗೆ ಮೂರು ಹೊತ್ತೂ ಬಿಸಿನೀರು ಬೇಕು. ಕಡ್ಡಿ ಗಟ್ಟಿಮುಟ್ಟಾಗಿದ್ದಾಳೆ, ಮುದುಕಿಯ ಕೋಲು ಹಿಡಿದು ಕುದುರೆ ಆಡುತ್ತಾಳೆ. ನಿಜವಾದ ನೆಂಟರು ನಮ್ಮ ಮನೆಗೆ ಬಂದು ಎಷ್ಟು ಕಾಲವಾಯಿತು! ಬರೆಯುವಾಗ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಭಾನುವಾರ ದಕ್ಕೆಯಲ್ಲಿ ಮಗುವಿನ ಕೈ ಹಿಡಿದು ಬೆಪ್ಪುತಕ್ಕಡಿಯ ಹಾಗೆ ನಿಲ್ಲುತ್ತಿದ್ದೆನಾ? ದೋಣಿಯಿಂದ ನಿನ್ನ ಸಹಾಯಕ ಇಳಿದ, ನಿನ್ನ ಪತ್ರ ಕೈಗಿಟ್ಟ. ಕಡ್ಡಿ ದೋಣಿ ಖಾಲಿಯಾಗುವವರೆಗೂ ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕೈ ಎಳೆದು, "ಅಮ್ಮಂಗೆ ನೆಂಟ್ರು ಬಂದಿರ್ಬೇಕು" ಅಂದಳು.

ಇವತ್ತು ಬೆಳಿಗ್ಗೆ ಡಾಕ್ಟರ ಹತ್ತಿರ ಹೋದೆ. ಸಹಿಯಿಲ್ಲದೆ ಆಗುವುದಿಲ್ಲ ಅಂದರು. ಮುಂದಿನ ದಿನ ಯಾವಾಗ ಅಂದೆ. ಜನವರಿ ಅಂದರು. ಜನವರಿ ತನಕ ಇವಳ ಗಂಟಲು ಸುಮ್ಮನಿರುತ್ತದಾ? ಚಳಿಗಾಲದಲ್ಲಿ ನೆಂಟರು ಸಂಸಾರ ಸಮೇತ ಬರುತ್ತಾರೆ. ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಹೊರಗೆ ಹೋಗಿ ಅಂದರು, ಜಪ್ಪಯ್ಯ ಅಂದರೂ ಏಳಲಿಲ್ಲ. ಕಡೆಗೆ ದೊಡ್ಡ ಡಾಕ್ಟರಮ್ಮ ಬಂದರು. "ತಾಯಿಯ ಒಪ್ಪಿಗೆ ಬರವಣಿಗೆಯಲ್ಲಿ ಬೇಕು, ಒಂದು ಕಚೇರಿಯ ಮೊಹರು ಬೇಕು. ನಾಳೆ ಬೆಳಿಗ್ಗೆ ಒಂಬತ್ತರೊಳಗೆ ತಂದುಕೊಟ್ರೆ ಹೆಸರು ತೆಗೆಯಲ್ಲ" ಅಂದರು. ಅವರು ಹೇಳಿ ಮುಗಿಸುವಷ್ಟರಲ್ಲಿ ನಾನು ಮೆಟ್ಟಿಲಲ್ಲಿದ್ದೆ.

ಬಂದರಿನ ಹವಾಮಾನ ಕಚೇರಿಗೆ ಓಡಿದೆ. ದಿನಕ್ಕೆ ಮೂರು ಹೊತ್ತು ನೀನು ವೈರ್‌ಲೆಸ್‌ನಲ್ಲಿ ಗಾಳಿ ಮಳೆಯ ಲೆಕ್ಕ ಒಪ್ಪಿಸುವುದು ಅಲ್ಲಿಗೇ ತಾನೇ? ಅಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಒಬ್ಬ ಬಡಕಲು ಮನುಷ್ಯ. "ಸ್ವಂತ ವಿಷಯ ಕಳಿಸೋ ಹಾಗಿಲ್ಲಮ್ಮ. ಹವಾಮಾನ ಮಾತ್ರ" ಅಂದ. "ಇದೂ ಹವಾಮಾನವೇ ಸ್ವಾಮಿ, ನಮ್ಮನೇದು" ಅಂದೆ. ಅವನಿಗೆ ನಗು ಬಂತು. ನಗು ಬಂದವನನ್ನು ನಾನು ಬಿಡುತ್ತೇನೆಯೇ? ಮಗುವನ್ನು ಎತ್ತಿ ಮೇಜಿನ ಮೇಲೆ ಕೂರಿಸಿ, "ಬಾಯಿ ತೆಗಿ" ಅಂದೆ. ಟಾರ್ಚು ಚೀಲದಲ್ಲೇ ಇತ್ತು. ಅವನು ಒಳಗೆ ನೋಡಿ ಕಾಗದ ಎಳೆದುಕೊಂಡ.

ಸಂಜೆಯ ಲೆಕ್ಕದ ಜೊತೆಗೆ ಸುದ್ದಿ ನಿನಗೆ ತಲುಪುತ್ತದೆ. ಉತ್ತರ ನಾಳೆ ಬೆಳಗಿನ ವರದಿಗೆ. ಕಡ್ಡಿಯನ್ನು ಸೇರಿಸಿಕೊಂಡಿದ್ದಾರೆ, ಮಂಚದ ಮೇಲೆ ಕಾಲು ಅಲ್ಲಾಡಿಸುತ್ತಾ ಕೂತಿದ್ದಾಳೆ. ಈ ಪತ್ರ ನಿನಗೆ ಶನಿವಾರ ಸಿಗುವಾಗ ಏನಾಗಿರುತ್ತದೋ ಗೊತ್ತಿಲ್ಲ. ಆದರೂ ಬರೆಯದೆ ಕೂರಲು ಆಗುತ್ತಿಲ್ಲ. ನಿನಗೆ ನೆಮ್ಮದಿಯಾಯಿತು ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಮೈಯೆಲ್ಲ ಉರಿಯಿತು. ಆಮೇಲೆ ಪಾಪ ಅನ್ನಿಸಿತು. ಹೆದರು, ಬೇಕಾದಷ್ಟು ಹೆದರು. ಆದರೆ ಹೂಂ ಅನ್ನು ಮಾರಾಯ್ತಿ.

ಅತ್ತೆ


ಸೆಪ್ಟೆಂಬರ್ 20, ಬೆಳಗಿನ ವರದಿ

ಗಾಳಿ ವಾಯವ್ಯದಿಂದ, ಸಾಧಾರಣ. ಆಕಾಶ ಅರ್ಧ ಮೋಡ. ರಾತ್ರಿ ಮಳೆಯಿಲ್ಲ. ಸಮುದ್ರ ಶಾಂತ.

ನನ್ನ ಮಗಳ ಗಂಟಲಿನ ಶಸ್ತ್ರಚಿಕಿತ್ಸೆಗೆ, ಪ್ರಜ್ಞೆ ತಪ್ಪಿಸುವುದಕ್ಕೂ ಸೇರಿದಂತೆ, ತಾಯಿಯಾದ ನನ್ನ ಪೂರ್ಣ ಒಪ್ಪಿಗೆ ಇದೆ. ಒಳಗೆ ಕಳಿಸಿ. ಬಾಗಿಲಲ್ಲಿ ಅವಳ ಅತ್ತೆ ನಿಂತಿರಲಿ.

ವೀಕ್ಷಕಿ, ದ್ವೀಪ ಕೇಂದ್ರ


ಸೆಪ್ಟೆಂಬರ್ 23

ಕಡ್ಡಿಯಮ್ಮನಿಗೆ,

ಆಯಿತು. ಚೆನ್ನಾಗಿದ್ದಾಳೆ. ಬಂದರಿನವನು ಮಂಗಳವಾರವೇ ನಿನಗೆ ತಿಳಿಸಿರಬೇಕು, ಆದರೂ ನನ್ನ ಕೈಯಿಂದ ಓದು. ಆಯಿತು!

ವೈರ್‌ಲೆಸ್ಸಿನವನು ಸೈಕಲ್ ತುಳಿದುಕೊಂಡು ತಾನೇ ಕಾಗದ ತಂದ, ಬೆವರಿಳಿಸಿಕೊಂಡು, ಮೊಹರು ಇನ್ನೂ ಹಸಿ. ದೊಡ್ಡ ಡಾಕ್ಟರಮ್ಮ ಗಾಳಿ, ಮೋಡ, ಸಮುದ್ರ ಎಲ್ಲವನ್ನೂ ಓದಿದರು. ಕೊನೆಯ ಸಾಲಿಗೆ ಬಂದು ಕನ್ನಡಕ ತೆಗೆದರು. "ಅತ್ತೆ ಯಾರು?" ಅಂದರು. ನಾನೇ ಅಂದೆ. "ಬನ್ನಿ, ನಿಂತ್ಕೊಳ್ಳಿ" ಅಂತ ಬಾಗಿಲ ತನಕ ಅವರೇ ಕರೆದುಕೊಂಡು ಹೋದರು.

ಕಡ್ಡಿಗೆ ಅಂಗಿ ಎಷ್ಟು ದೊಡ್ಡದಾಗಿತ್ತು ಅಂದರೆ, ಅಂಗಿಯೊಂದೇ ನಡೆದುಹೋದ ಹಾಗಿತ್ತು. ತಿರುಗಿ ನೋಡಲಿಲ್ಲ. ನರ್ಸಿನ ಕೈ ಹಿಡಿದು, "ನೀವು ಚಮಚ ಹಾಕ್ತೀರಾ?" ಅಂತ ವಿಚಾರಿಸುತ್ತಾ ಹೋದಳು. ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ನಾನು ಏನು ಮಾಡಿದೆ ಅಂತ ನನಗೇ ನೆನಪಿಲ್ಲ. ಪಕ್ಕದಲ್ಲಿದ್ದ ಯಾರದೋ ಅಜ್ಜ "ಕೂತ್ಕೋ ತಾಯಿ" ಅಂದದ್ದು ನೆನಪಿದೆ. ಕೂರಲಿಲ್ಲ. ನಿಂತಿರಲಿ ಅಂತ ನೀನು ಹೇಳಿದ್ದೆ.

ಆ ಬಾಗಿಲು ತೆರೆದಾಗ ಮೊದಲು ಬಂದವರು ಡಾಕ್ಟರು. ನಾನು ಅವರ ಬೆನ್ನ ಹಿಂದೆ ಇಣುಕಿದೆ. ಅವರ ಹಿಂದೆಯೇ ಗಾಲಿ ಮಂಚ ಬಂತು, ಅದರ ಮೇಲೆ ಇವಳು. ತುಟಿಯಲ್ಲಿ ರಕ್ತ, ಮುಖ ಸುಣ್ಣ, ಆದರೆ ಉಸಿರು ಹೋಗಿ ಬಂದು ಮಾಡುತ್ತಿದೆ. ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಉಸಿರಾಡುತ್ತಿದ್ದಾಳೆ ಕಣೇ! ಈ ಮಗು ಬಾಯಿ ಮುಚ್ಚಿ ಮಲಗಿದ್ದನ್ನು ನಾನು ಇದೇ ಮೊದಲು ನೋಡಿದ್ದು. ಅಲ್ಲೇ ಗೋಡೆಗೆ ಒರಗಿ ಜೋರಾಗಿ ಅತ್ತೆ. ನರ್ಸು ಬೈದಳು. ಬೈಯಲಿ.

ಎಚ್ಚರವಾದ ಮೇಲೆ ಅಳು, ವಾಂತಿ, ಎಲ್ಲ ಆಯಿತು. ನುಂಗಲು ನೋವು, ನೀರಿಗೂ ಹಟ. ಎರಡನೇ ದಿನ ತಣ್ಣನೆ ಹಾಲು ಕುಡಿದಳು. ಡಾಕ್ಟರೇ ಐಸ್‌ಕ್ರೀಮ್ ಕೊಡಿ ಅಂದುಬಿಟ್ಟರು. ಈಗ ನಾನು ಆ ಗಾಡಿಯವನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಹೋದೆ, ನಿಂತೆ, ತಂದೆ. ಅವಳು ಅರ್ಧ ತಿಂದು, ಪಿಸುಮಾತಿನಲ್ಲಿ, "ಅತ್ತೆ, ಇನ್ಮೇಲೆ ನೆಂಟ್ರು ಬಂದ್ರೆ ಎಲ್ಲಿ ಮಲಗ್ತಾರೆ?" ಅಂತ ಕೇಳಿದಳು. ಜಾಗ ಇಲ್ಲ ಅಂತ ಹೇಳಿ ಕಳಿಸೋಣ ಅಂದೆ.

ನಿನ್ನ ಪ್ರಶ್ನೆಯನ್ನು ನಾನು ಮರೆತಿರಲಿಲ್ಲ. ಬರೆಯುತ್ತೇನೆ, ಎರಡು ದಿನ ಕೊಡು.

ಇಂತಿ,
ಅತ್ತೆ


ಸೆಪ್ಟೆಂಬರ್ 24

ಅಕ್ಕಾ,

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಬಂದರಿನಿಂದ ಎರಡೇ ಪದ ಬಂದವು. "ಮಗು ಕ್ಷೇಮ." ನಾನು ಅದನ್ನು ವರದಿಯ ಪುಸ್ತಕದಲ್ಲಿ, ಗಾಳಿಯ ವೇಗ ಬರೆಯುವ ಜಾಗದಲ್ಲಿ ಬರೆದುಬಿಟ್ಟಿದ್ದೇನೆ. ಅಳಿಸಲು ಮನಸ್ಸಾಗಲಿಲ್ಲ. ಅಧಿಕಾರಿಗಳು ಕೇಳಿದಾಗ ನೋಡೋಣ.

ಒಪ್ಪಿಗೆ ಕಳಿಸುವಾಗ ನನ್ನ ಧ್ವನಿ ನಡುಗಿತು. ಬಂದರಿನವರು "ಇನ್ನೊಮ್ಮೆ ಹೇಳಿ" ಎಂದರು. ಇನ್ನೊಮ್ಮೆ ಹೇಳುವಾಗ ನಡುಗಲಿಲ್ಲ. ನೀವು ಬಾಗಿಲಲ್ಲಿ ನಿಂತಿರುತ್ತೀರಿ ಎಂಬುದೊಂದನ್ನೇ ನೆನೆದೆ.

ನೀವು ಎರಡು ದಿನ ಕೇಳಿದ್ದೀರಿ. ಬೇಡ ಅಕ್ಕಾ, ನಾನೇ ಹೇಳುತ್ತೇನೆ. ಜುಲೈನಲ್ಲಿ ನಾನು ಯೋಚಿಸದೆ ಬರೆದೆ. ಗಂಟಲು ಸರಿಹೋದರೆ ಅವಳು ನಿಮ್ಮ ಮನೆಯಿಂದ ಹೊರಡುತ್ತಾಳೆ ಎಂದು ಗೊತ್ತಾದ ಮೇಲೂ ನೀವು ಆ ಗಂಟಲಿಗಾಗಿ ಡಾಕ್ಟರ ಕುರ್ಚಿಯಲ್ಲಿ ಕೂತಿರಿ, ಬಂದರಿಗೆ ಓಡಿದಿರಿ. ಇದು ನನಗೆ ಇವತ್ತು ನಿಮ್ಮ ಎರಡು ಪತ್ರಗಳನ್ನು ಒಟ್ಟಿಗೆ ಓದುವಾಗ ಹೊಳೆಯಿತು. ಅವಳು ಅಲ್ಲೇ ಇರಲಿ. ನಾನು ರಜೆ ಸಿಕ್ಕಾಗಲೆಲ್ಲ ಬಂದು ನೋಡಿಕೊಂಡು ಹೋಗುತ್ತೇನೆ. ಸಹಾಯಕ ಶನಿವಾರ ಮರಳುತ್ತಾನೆ, ಭಾನುವಾರ ನಾನು ಅಲ್ಲಿರುತ್ತೇನೆ.

ನಿಮ್ಮ,
ತಂಗಿ


ಸೆಪ್ಟೆಂಬರ್ 30

ತಂಗೀ,

ಆಹಾ, ಏನು ಧಾರಾಳ! ಅವಳು ಅಲ್ಲೇ ಇರಲಿ ಅಂತೆ. ನಿನ್ನನ್ನು ಯಾರು ಕೇಳಿದರು?

ಹೌದು, ನಿನ್ನ ಜುಲೈ ಪತ್ರ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಬೇಕೆಂದೇ ಉತ್ತರ ಬರೆಯಲಿಲ್ಲ. ಆಗಸ್ಟ್‌ನಲ್ಲಿ ಟಾರ್ಚು ಹಿಡಿದು ಅವಳ ಗಂಟಲು ನೋಡುವಾಗ ಒಂದೊಂದು ದಿನ, ಸ್ವಲ್ಪ ಕೆಂಪಗಿದ್ದರೆ ಏನಾಗುತ್ತಿತ್ತು ಅಂತ ಮನಸ್ಸಿಗೆ ಬರುತ್ತಿತ್ತು. ಬಂದ ಕೂಡಲೇ ನನ್ನ ತಲೆಗೆ ನಾನೇ ಮೊಟಕಿಕೊಳ್ಳುತ್ತಿದ್ದೆ. ನನಗೆ ಅವಳು ಬೇಕು. ಬಾಯಿಬಿಟ್ಟು ಹೇಳುತ್ತಿದ್ದೇನೆ, ಬೇಕು. ಆದರೆ ಕಾಯಿಲೆ ಇದೆ ಅಂತ ನನ್ನ ಹತ್ತಿರ ಇರುವ ಮಗು ನನಗೆ ಬೇಡ. ನಾನು ಇಷ್ಟೆಲ್ಲ ಗುದ್ದಾಡಿದ್ದು ಅವಳು ಎಲ್ಲಿ ಬೇಕಾದರೂ ಇರುವ ಹಾಗಾಗಲಿ ಅಂತ. ತಾಯಿ ಎಲ್ಲಿದ್ದಾಳೋ ಅಲ್ಲಿರಲಿ.

ನಿನ್ನೆ ಏನಾಯಿತು ಗೊತ್ತಾ? ನಾನು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಳಗಿನಿಂದ ಯಾವುದೋ ಮಗು "ಅತ್ತೇ" ಅಂತ ಕೂಗಿತು. ಸ್ವಚ್ಛವಾದ ಧ್ವನಿ, ತೆಳ್ಳಗೆ, ಗಂಟೆ ಹೊಡೆದ ಹಾಗೆ. ಪಕ್ಕದ ಮನೆಯ ಮಗು ಬಂದಿರಬೇಕು ಅಂದುಕೊಂಡು, "ಯಾರಪ್ಪಾ ಅದು?" ಅಂದೆ. "ನಾನೇ ಅತ್ತೆ" ಅಂದಳು. ಅವಳಿಗೂ ಆಶ್ಚರ್ಯ. "ನಾನೇ, ನಾನೇ, ನಾನೇ" ಅಂತ ತನ್ನ ಧ್ವನಿಯನ್ನು ತಾನೇ ಕೇಳಿಸಿಕೊಳ್ಳುತ್ತಾ ಮನೆ ತುಂಬ ಓಡಾಡಿದಳು. ಎರಡು ವರ್ಷ ನನ್ನ ಮಗ್ಗುಲಲ್ಲಿ ಮಲಗಿದ ಮಗುವಿನ ನಿಜವಾದ ಧ್ವನಿ ನನಗೆ ಗೊತ್ತೇ ಇರಲಿಲ್ಲ, ನೋಡು.

ಭಾನುವಾರ ಬಾ. ಬುಧವಾರ ಡಾಕ್ಟರು ಮತ್ತೊಮ್ಮೆ ನೋಡಿ ಕಾಗದ ಬರೆದುಕೊಡುತ್ತಾರೆ. ಮುಂದಿನ ಶನಿವಾರದ ದೋಣಿಗೆ ಇಬ್ಬರೂ ಹೊರಡಿ. ನೆಂಟರೂ ಬೇರೆ ಮನೆಗೆ ಹೋದರು. ಕಡ್ಡಿಯ ಅಂಗಿಗಳ ಅಂಚು ಬಿಚ್ಚಿ ಉದ್ದ ಮಾಡಿ ಹೊಲಿದಿಟ್ಟಿದ್ದೇನೆ, ಇನ್ನು ಉಣ್ಣುತ್ತಾಳೆ, ಬೆಳೆಯುತ್ತಾಳೆ. ಶಾಲೆಯ ರಜೆಗೆ ಕಳಿಸು. ನಾನಾಗಿ ಕರೆಯುವವರೆಗೆ ಕಾಯಬೇಡ.

ಒಂದೇ ಒಂದು ಮಾತು. ಅವಳನ್ನು ದೋಣಿ ಹತ್ತಿಸುವಾಗ ನಾನು ಅಳುತ್ತೇನೆ. ಜನ ನೋಡುತ್ತಾರೆ, ನೋಡಲಿ. ನೀನು "ಸುಮ್ಮನಿರಿ ಅಕ್ಕ" ಅಂತ ಹೇಳಬೇಡ. ಅವಳು ಕೂಗಿದರೂ ತಡೆಯಬೇಡ. ಎಷ್ಟು ಗಟ್ಟಿಯಾಗಿ ಬೇಕಾದರೂ ಕೂಗಲಿ, ದಕ್ಕೆ ತನಕ ಕೇಳಬೇಕು.

ನಿನ್ನ,
ಅಕ್ಕ